ಶೋಧಪೆಟ್ಟಿಗೆಗೆ ಸಿಗದ ವಂಶಾವಳಿಗಳು

ಅಂತರ್ಜಾಲದ ದತ್ತಾಂಶ ಕೋಶದಲ್ಲಿ ಹೆಸರೊಂದನ್ನು ಬೆರಳಚ್ಚಿಸಿ, ಫಲಿತಾಂಶ ಶೂನ್ಯವೆಂದು ಕಂಡೊಡನೆ ‘ಈ ಮನೆತನಕ್ಕೆ ಆಧಾರಗಳಿಲ್ಲ’ ಎಂದು ತೀರ್ಪು ಬರೆಯುವ ಪರಿಪಾಠ ಸಂಶೋಧನ ವಲಯದಲ್ಲಿ ಬೇರೂರುತ್ತಿದೆ. ಯಂತ್ರದ ಮೌನವನ್ನು ಇತಿಹಾಸದ ಮೌನವೆಂದು ಭ್ರಮಿಸುವ ಈ ಅಭ್ಯಾಸವನ್ನು ಸಂಶೋಧನೆಯೆಂದು ಕರೆಯಲಾಗದು.

ಶ್ರವಣಬೆಳಗೊಳದ ಶಾಸನಗಳನ್ನೇ ನೋಡಬಹುದು. 1889ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದವು 144, 1923ರ ಆರ್. ನರಸಿಂಹಾಚಾರ್ಯರ ಆವೃತ್ತಿಯಲ್ಲಿ 500. 1973ರ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟದಲ್ಲಿ 573. ಹಕ್ಕುಸ್ವಾಮ್ಯ ಮುಗಿದ ಹಳೆಯ ಮುದ್ರಣಗಳೇ ಜಾಲದಲ್ಲಿ ಮೊದಲು ಕೈಗೆಟಕುತ್ತವೆ. ರೈಸರ ಸಂಪುಟವನ್ನಷ್ಟೇ ಜಾಲಾಡಿದವನ ಪಾಲಿಗೆ ಉಳಿದ 429 ಶಾಸನಗಳೂ ಅವುಗಳೊಳಗಿನ ತಾಯಿ, ತಂದೆ, ಗುರುಗಳ ಹೆಸರುಗಳೂ ಇಲ್ಲದಂತೆಯೇ.

ಪಂಪನ ಮನೆತನದ ಉದಾಹರಣೆ ಇನ್ನೂ ಸ್ಪಷ್ಟ. ಕವಿಯು ತನ್ನ ಕಾವ್ಯದಲ್ಲಿ ತಂದೆಯನ್ನು ಅಭಿರಾಮದೇವರಾಯನೆನ್ನುತ್ತಾನೆ; ತಮ್ಮ ಜಿನವಲ್ಲಭನ ಕುರಿಕ್ಯಾಲ ಶಾಸನ ಅದೇ ತಂದೆಯನ್ನು ಭೀಮಪಯ್ಯನೆನ್ನುತ್ತದೆ. ತಾಯಿ ಅಬ್ಬಣಬ್ಬೆಯ ಹೆಸರನ್ನೂ ಆಕೆಯ ಅಣ್ಣಿಗೇರಿಯ ತವರಿನ ಸಂಬಂಧವನ್ನೂ ತಿಳಿಸುವುದು ಈ ಶಾಸನವೇ. ಆದರೆ ಅದು ಇರುವುದು ತೆಲಂಗಾಣದ ನೆಲದಲ್ಲಿ. ‘ಕರ್ನಾಟಕ’ವೆಂಬ ಜರಡಿಯನ್ನು ಹಾಕಿ, ‘ಅಭಿರಾಮದೇವರಾಯ’ನನ್ನು ಹುಡುಕುವವನಿಗೆ ಪಂಪನ ತಾಯಿ ಎಂದಿಗೂ ದೊರೆಯಳು.

ಇನ್ನು ಅಳಿಯಸಂತಾನದ ಮನೆತನಗಳ ಪಾಡೇನು? ತುಳುನಾಡಿನ ಚೌಟರು, ಬಂಗರು, ಅಜಿಲರಂತಹ ಜೈನ ಅರಸುಮನೆತನಗಳಲ್ಲಿ ಪಟ್ಟ ಸಾಗಿದ್ದು ಸೋದರಿಯ ಮಕ್ಕಳಿಗೆ. ತಂದೆಯಿಂದ ಮಗನಿಗೆ ಗೆರೆಯೆಳೆಯುವ ವಂಶವೃಕ್ಷದ ನಮೂನೆ ಈ ಪರಂಪರೆಯನ್ನು ಮೊದಲ ಹೆಜ್ಜೆಯಲ್ಲೇ ಮುರಿಯುತ್ತದೆ. ಕನ್ನಡದ ‘ಅಳಿಯ’ ಮಗಳ ಗಂಡನೂ ಹೌದು, ಸೋದರಿಯ ಮಗನೂ ಹೌದು. ಇಂಗ್ಲಿಷಿನ ಅಂಕಣದಲ್ಲಿ ಅವನು ಬರಿಯ ಮಗಳ ಗಂಡನಾದರೆ ಉತ್ತರಾಧಿಕಾರದ ತರ್ಕವೇ ತಲೆಕೆಳಗಾಗುತ್ತದೆ.

ಜಾಲವು ಜ್ಞಾನವನ್ನು ಎಲ್ಲರಿಗೂ ತೆರೆದಿದೆಯೆಂಬ ಸಮರ್ಥನೆ ಸುಳ್ಳಲ್ಲ. ದೂರದೂರಿನ ವಿದ್ಯಾರ್ಥಿಗೆ ಗ್ರಂಥಾಲಯವನ್ನೇ ಮನೆಗೆ ತಂದ ಉಪಕಾರ ಅದರದು. ಆದರೆ ಕೋಶವೆಂಬುದು ಬಾಗಿಲು ಮಾತ್ರ. ಅತ್ತಿಮಬ್ಬೆಯ ಕುಲದ ಕಥೆ ಯಾವ ಜನನ–ಮರಣ ದಾಖಲೆಯಲ್ಲೂ ಇಲ್ಲ; ರನ್ನನ ‘ಅಜಿತಪುರಾಣ’ದಲ್ಲಿದೆ. ಅಜ್ಜ ನಾಗಮಯ್ಯ, ತಂದೆ ಮಲ್ಲಪ, ತಂಗಿ ಗುಂಡಮಬ್ಬೆ, ಪತಿ ನಾಗದೇವ, ಎಲ್ಲರೂ ಅಲ್ಲಿ ಉಳಿದದ್ದು ಕವಿಯ ಕೃತಜ್ಞತೆಯಿಂದ. ಕಾವ್ಯವನ್ನು ಆದ್ಯಂತ ಓದದವನಿಗೆ ಆ ಮನೆಯ ಒಳಾಂಗಣ ಕಾಣುವುದಿಲ್ಲ.

ಆದುದರಿಂದ ಮಹಾಪ್ರಬಂಧಗಳ ಪರೀಕ್ಷಕರು ಒಂದು ನಿಯಮವನ್ನು ಕಡ್ಡಾಯಗೊಳಿಸಲಿ: ‘ಆಧಾರವಿಲ್ಲ’ ಎನ್ನುವ ವಿದ್ಯಾರ್ಥಿ ಯಾವ ಕೋಶದಲ್ಲಿ, ಯಾವ ಆವೃತ್ತಿಯಲ್ಲಿ, ಹೆಸರಿನ ಯಾವ ಯಾವ ರೂಪಗಳಲ್ಲಿ ಹುಡುಕಿದನೆಂಬುದನ್ನು ಬರೆಯಬೇಕು, ಬಸದಿಯ ನಿಷಿಧಿಗಲ್ಲನ್ನೂ ಓಲೆಗ್ರಂಥದ ಕೊನೆಯ ಗರಿಯ ಪ್ರಶಸ್ತಿಯನ್ನೂ ನೋಡಿದನೋ ಇಲ್ಲವೋ ಹೇಳಬೇಕು. ಹೇಳಲಾಗದವನಿಗೆ ‘ಇಲ್ಲ’ ಎನ್ನುವ ಅಧಿಕಾರವೂ ಇಲ್ಲ.