ಮೂರನೆಯ ಎಲೆ

ಮಕ್ಕಳು ಪಾಠವನ್ನು ತಡೆಯಿಲ್ಲದೆ ಓದುತ್ತಾರೆ. ಓದಿದುದನ್ನು ಒಪ್ಪಿಸಿಯೂ ಬಿಡುತ್ತಾರೆ. ಆದರೆ ಪಾಠವು ಬಾಯಿಬಿಟ್ಟು ಹೇಳದಿರುವ ಸಂಗತಿಯೊಂದನ್ನು ಕೇಳಿದೆವೋ, ‘ಅದು ಪುಸ್ತಕದಲ್ಲಿಲ್ಲ’ ಎಂದು ಸುಮ್ಮನಾಗುತ್ತಾರೆ. ಈ ದೋಷವು ಮಕ್ಕಳದೆಂದೇ ನಾವು ಬಹುಕಾಲ ನಂಬಿದ್ದೆವು. ಅದರಲ್ಲಿ ನಮ್ಮ ಪಾಲೂ ಉಂಟೆಂಬುದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಐದನೆಯ ತರಗತಿಯ ಪರೀಕ್ಷೆಗೆಂದು ಒಂದು ಪುಟ್ಟ ಕಥೆಯನ್ನು ನಾವೇ ಬರೆದುಕೊಟ್ಟಿದ್ದೆವು. ತಾಯಿಯು ಊಟಕ್ಕೆ ಮೂರು ಎಲೆಗಳನ್ನು ಹಾಕಿದಳು. ಕ್ಷಣಕಾಲ ನಿಂತು ನೋಡಿ ಒಂದನ್ನು ತೆಗೆದಿಟ್ಟಳು. ತಂದೆಯು ಮಾತಿಲ್ಲದೆ ಬಂದು ಕುಳಿತನು. ಕಥೆ ಇಷ್ಟೆ. ‘ತಾಯಿಯು ಮೊದಲು ಎಷ್ಟು ಎಲೆಗಳನ್ನು ಹಾಕಿದಳು?’ ಎಂಬುದು ನಮ್ಮ ಪ್ರಶ್ನೆ. (ಎಂಥ ಬಡಪ್ರಶ್ನೆ!) ಒಬ್ಬ ಹುಡುಗನು ‘ಮೂರು’ ಎಂದು ಬರೆದು, ಅದರ ಕೆಳಗೆ, ‘ಮೂರನೆಯವರು ಮನೆಯಿಂದ ಹೋಗಿ ಬಹಳ ದಿನವಾಗಿಲ್ಲ, ಅಮ್ಮನ ಕೈಗೆ ಇನ್ನೂ ರೂಢಿ ತಪ್ಪಿಲ್ಲ’ ಎಂದು ಸೇರಿಸಿದ್ದನು. ನಾವು ಅದನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ‘ಕೇಳಿದ್ದಕ್ಕಷ್ಟೇ ಉತ್ತರ’ ಎಂದು ಬರೆದೆವು. ಅಲ್ಲಿಂದ ಮುಂದೆ, ವರ್ಷ ಮುಗಿಯುವವರೆಗೂ, ಆ ಹುಡುಗನು ಪುಸ್ತಕದ ವಾಕ್ಯವನ್ನಲ್ಲದೆ ತನ್ನದೆಂಬ ಒಂದು ಮಾತನ್ನೂ ಬರೆಯಲಿಲ್ಲ.

ನ್ಯಾಯಶಾಸ್ತ್ರದ ಪರಿಚಯವಿದ್ದವರು ಮಾಡತಕ್ಕ ಕೆಲಸವೆ ಇದು? ಗೌತಮನ ನ್ಯಾಯಸೂತ್ರದಲ್ಲಿಯೂ ಅದಕ್ಕೆ ವಾತ್ಸ್ಯಾಯನನು ಬರೆದ ಭಾಷ್ಯದಲ್ಲಿಯೂ ಈ ವಿಚಾರದ ಚರ್ಚೆಯೇ ನಡೆದಿದೆ. ಹೊಳೆಯು ತುಂಬಿ ಹರಿಯುವುದನ್ನು ಕಂಡವನು, ಮೇಲೆ ಎಲ್ಲಿಯೋ ಮಳೆಯಾಗಿದೆಯೆಂದು ಊಹಿಸುತ್ತಾನೆ. ಇರುವೆಗಳು ಮೊಟ್ಟೆ ಹೊತ್ತು ಹೊರಟರೆ ಮಳೆ ಬರುವುದೆನ್ನುತ್ತಾನೆ. ಪೂರ್ವಪಕ್ಷಿಯು ಬಿಡುವನೆ? ನೀರಿಗೆ ಅಡ್ಡಕಟ್ಟಿದರೂ ಹೊಳೆ ತುಂಬೀತು, ಗೂಡು ಕೆಟ್ಟರೂ ಇರುವೆಗಳು ಹೊರಟಾವು. ಆದುದರಿಂದ ಅನುಮಾನವು ನಂಬತಕ್ಕುದಲ್ಲವೆಂದು ವಾದಿಸುತ್ತಾನೆ. ಭಾಷ್ಯಕಾರನ ಸಮಾಧಾನವು ಸೊಗಸಾದುದು. ನೀರು ಹೆಚ್ಚಿತೆಂಬ ಮಾತ್ರಕ್ಕೆ ಮಳೆಯನ್ನು ಊಹಿಸುವುದಿಲ್ಲ. ಸೆಳವು ಬಿರುಸಾಗಿರುವುದನ್ನೂ ನೊರೆ, ಹಣ್ಣು, ಎಲೆ, ಕಟ್ಟಿಗೆಗಳು ಕೊಚ್ಚಿಕೊಂಡು ಬರುವುದನ್ನೂ ನೋಡಿಯೇ ಊಹಿಸುತ್ತೇವೆ ಎನ್ನುತ್ತಾನೆ.

ಮನೆಯಲ್ಲಿ ಮಕ್ಕಳನ್ನು ಓದಿಸುವ ತಾಯಂದಿರಿಗೆ ಇಷ್ಟು ಶಾಸ್ತ್ರವೇನೂ ಬೇಕಿಲ್ಲ. ‘ಯಾವ ಮಾತಿನಿಂದ ಹಾಗೆಂದೆ?’ ಎಂಬ ಪ್ರಶ್ನೆಯೊಂದು ಸಾಕು. ಈಚೆಗೆ ನೆರೆಮನೆಯ ಹುಡುಗಿಗೆ ಅದೇ ಕಥೆಯನ್ನು ಓದಿಹೇಳಿದೆವು. ‘ಮಗ ಸತ್ತುಹೋಗಿದಾನೆ’ ಎಂದಳು. ಯಾವ ಮಾತಿನಿಂದ? ‘ಅಪ್ಪ ಮಾತೇ ಆಡಲಿಲ್ಲವಲ್ಲ, ತಾತ!’ ಓದಲು ಪಟ್ಟಣಕ್ಕೆ ಹೋದ ಮಗನನ್ನು ನೆನೆದರೂ ತಂದೆಯು ಸುಮ್ಮನಿರಬಹುದಲ್ಲವೆ? ಅಷ್ಟಕ್ಕೂ ಮಗನೆಂದು ಎಲ್ಲಿದೆ? ಹುಡುಗಿಯು ಯೋಚಿಸಿ, ‘ಯಾರೋ ಹೋಗಿದಾರೆ, ಅಷ್ಟೇ ಗೊತ್ತು’ ಎಂದಳು. ಆಗ ನಾವು ಇನ್ನೊಂದು ವಾಕ್ಯವನ್ನು ಸೇರಿಸಿದೆವು: ಮರುದಿನ ಬಳೆಗಾರನು ಬಂದಾಗ ತಾಯಿಯು, ‘ಈಗ ಬೇಡಪ್ಪ, ಗೌರಿಹಬ್ಬಕ್ಕೆ ಬಾ, ಇಬ್ಬರಿಗೂ ಒಟ್ಟಿಗೆ ತೊಡಿಸುವಿಯಂತೆ’ ಎಂದಳು. ನೊರೆಯೂ ಕಟ್ಟಿಗೆಯೂ ತೇಲಿಬಂದಂತಾಯಿತು. ‘ಮಗಳು! ಮದುವೆಯಾಗಿ ಹೋಗಿದಾಳೆ, ಹಬ್ಬಕ್ಕೆ ಬರ್ತಾಳೆ’ ಎಂದು ಹುಡುಗಿಯು ಎದ್ದೇನಿಂತಳು. ಮತ್ತೆ ಕುಳಿತು ಕಥೆಯನ್ನು ತಾನೇ ಇನ್ನೊಮ್ಮೆ ಓದಿಕೊಂಡು, ‘ತಾತ, ಆ ಎಲೇನ ಅಮ್ಮ ಬಿಸಾಡಲಿಲ್ಲ, ತೆಗೆದಿಟ್ಟಳು’ ಎಂದಳು. ವಾಕ್ಯವು ನಮ್ಮದೇ, ಆದರೆ ನಮಗೆ ಅದು ಹೊಳೆದಿರಲಿಲ್ಲ.