ಆಡುಸೋಗೆಯ ಕಷಾಯವೂ ವಖಾರದ ಧೂಳೂ

ಚಿಕ್ಕೋಡಿ, ನಿಪ್ಪಾಣಿ ಸೀಮೆಯ ಬೀಡಿ ತಂಬಾಕು ದೂರದೂರಕ್ಕೆ ಹೆಸರಾದುದು. ಒಣಗಿದ ಎಲೆಯನ್ನು ಬಡಿದು ಜರಡಿ ಹಿಡಿಯುವಾಗ ವಖಾರಗಳಲ್ಲಿ ಏಳುವ ಧೂಳು ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರುವುದಿಲ್ಲ. ಅದು ಕೆಲಸದ ಹೆಣ್ಣಾಳುಗಳ ಎದೆಯನ್ನು ಸೇರುತ್ತದೆ. 1981ರಲ್ಲಿ ಬೆಳೆಗಾರರು ಯೋಗ್ಯ ಬೆಲೆಗಾಗಿ ನಿಪ್ಪಾಣಿಯಲ್ಲಿ ದೊಡ್ಡ ಚಳವಳಿ ಹೂಡಿದರು. 1982ರಲ್ಲಿ ಅಲ್ಲಿಯ ಹೆಣ್ಣಾಳುಗಳ ಕಷ್ಟವನ್ನು ತೋರಿಸುವ ಚಲಚ್ಚಿತ್ರವೂ ಹೊರಬಂದಿತು. ಬೆಲೆಯ ಮಾತು ಊರೂರನ್ನು ಮುಟ್ಟಿತು. ಕೆಮ್ಮಿನ ಮಾತು ಅಷ್ಟಾಗಿ ಮುಟ್ಟಲಿಲ್ಲ. ರಾಯಬಾಗ, ಅಥಣಿ, ಕಾಗವಾಡಗಳ ಕಡೆ ಕಬ್ಬಿನ ರವದಿ ಸುಡುವ ಹೊಗೆಯುಂಟು. ಒಲೆಯ ಹೊಗೆ, ಬೀಡಿಯ ಹೊಗೆಗಳು ಎಲ್ಲ ಕಡೆಗೂ ಇದ್ದದ್ದೇ.

ಇಂಥ ಹಳೆಯ ಕೆಮ್ಮು ದಮ್ಮುಗಳಿಗೆ ಆಡುಸೋಗೆ, ತುಳಸಿ, ಶುಂಠಿ, ಹಿಪ್ಪಲಿ, ಜ್ಯೇಷ್ಠಮಧುಗಳನ್ನು ಕೂಡಿಸಿ ಕಷಾಯ ಮಾಡುವ ರೂಢಿಯುಂಟು. ಇದನ್ನು ನಿರರ್ಥಕವೆಂದು ತಳ್ಳುವವರು ತಪ್ಪುತ್ತಾರೆ. ಆಡುಸೋಗೆಯಲ್ಲಿರುವ ವ್ಯಾಸಿಸೀನ್ ಎಂಬ ಸತ್ತ್ವವನ್ನು ಆಧರಿಸಿಯೇ ಬ್ರೋಮ್‌ಹೆಕ್ಸಿನ್ ಎಂಬ ಕಫಹಾರಿ ಔಷಧವು ಸಿದ್ಧವಾಯಿತು. ಕೂಡಿಸುವುದರಲ್ಲಿಯೂ ಅರ್ಥವಿದೆ. ಒಂದು ಮೂಲಿಕೆ ಕಫವನ್ನು ಸಡಿಲಿಸುವುದು, ಇನ್ನೊಂದು ಗಂಟಲನ್ನು ತಣಿಸುವುದು. ವೈದ್ಯರು ಕೊಡುವ ಸಿತೋಪಲಾದಿ ಚೂರ್ಣದಲ್ಲಿ ಕಲ್ಲುಸಕ್ಕರೆ 16 ಭಾಗ, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1 ಭಾಗವಿರುವುವು. ಹಿಂದಿನವರು ಅಳತೆಯಿಲ್ಲದೆ ಏನನ್ನೂ ಬೆರೆಸಿದವರಲ್ಲ. ಸಕ್ಕರೆ ಕಾಯಿಲೆಯವರು ಮಾತ್ರ ಈ ಚೂರ್ಣದ ಬಗ್ಗೆ ಎಚ್ಚರದಿಂದಿರತಕ್ಕದ್ದು.

ಆದರೆ ಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ಬಗೆಯಲಾಗದು. ಗರ್ಭಿಣಿಯರಿಗೆ ಆಡುಸೋಗೆ ಸಲ್ಲದು. ಜ್ಯೇಷ್ಠಮಧುವನ್ನು ಬಹುದಿನ ಸೇವಿಸಿದರೆ ರಕ್ತದ ಒತ್ತಡ ಏರುವುದು. ಹಿಪ್ಪಲಿಯ ಖಾರಸತ್ತ್ವವು ಬೇರೆ ಔಷಧಗಳು ದೇಹಕ್ಕೆ ಸೇರುವ ಪ್ರಮಾಣವನ್ನೇ ಬದಲಿಸಬಲ್ಲುದು. ಕ್ಷಯದ ರಿಫಾಂಪಿಸಿನ್, ಉಬ್ಬಸದ ಥಿಯೋಫಿಲಿನ್ ಇಂಥವುಗಳಲ್ಲಿ ಸೇರಿವೆ. ಆದುದರಿಂದ ಕಷಾಯ ಕುಡಿಯುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು. ಮದಗುಣಿಕೆಯ ಎಲೆಯ ಹೊಗೆ ಸೇದಿಸುವ ಹಳೆಯ ಪದ್ಧತಿಯಂತೂ ವಿಷದೊಡನೆ ಸರಸ.

ಮುಖ್ಯವಾದ ಸಂಗತಿ ಇನ್ನೊಂದಿದೆ. ವರ್ಷಗಟ್ಟಲೆ ಧೂಳು ಹೊಗೆಗಳಿಂದ ಕೆಟ್ಟ ಶ್ವಾಸನಾಳಗಳನ್ನು ಯಾವ ಮೂಲಿಕೆಯೂ ಮೊದಲಿನಂತೆ ಮಾಡಲಾರದು. ಅದು ಕೇವಲ ಆಸರೆ. ವೈದ್ಯರು ಕೊಟ್ಟ ಇನ್‌ಹೇಲರನ್ನು ಬಿಟ್ಟು ಕಷಾಯವನ್ನೇ ನೆಚ್ಚಿದವರು ಹಾನಿಗೊಳ್ಳುವರು. ಹಗಲೆಲ್ಲ ವಖಾರದಲ್ಲಿ ಧೂಳು ನುಂಗಿ ಸಂಜೆ ಕಷಾಯ ಕುಡಿಯುವುದೆಂದರೆ ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಆಳಿಗೆ ಪುಕ್ಕಟೆ ಕಷಾಯ ಕೊಟ್ಟು ವಖಾರದ ಕಿಟಕಿ ಮುಚ್ಚಿಡುವ ಧನಿಯ ಔದಾರ್ಯ ಅಷ್ಟಕ್ಕಷ್ಟೆ. ಗಾಳಿಗಂಡಿ, ಧೂಳೆಳೆಯುವ ಪಂಖ, ಮೂಗು ಬಾಯಿಗಳನ್ನು ಸರಿಯಾಗಿ ಮುಚ್ಚುವ ಮುಸುಕು ಇವುಗಳ ಖರ್ಚು ಧನಿಯದು. ಅದನ್ನು ಕೂಲಿಯಲ್ಲಿ ಹಿಡಿಯತಕ್ಕದ್ದಲ್ಲ. ಕಬ್ಬಿನ ರವದಿಯನ್ನು ಸುಡದೆ ಸಾಲುಗಳ ನಡುವೆ ಹರಡಿದರೆ ಭೂಮಿಯ ತೇವವೂ ಉಳಿಯುವುದು.

ಆಡುಸೋಗೆಯನ್ನು ಹೊಲದ ಬದುವಿನಲ್ಲಿ ಬೆಳೆಸುವುದು ಸುಲಭ. ಮುಂಗಾರಿನ ಆರಂಭದಲ್ಲಿ ಮೂರು ನಾಲ್ಕು ಗಿಣ್ಣುಗಳುಳ್ಳ ಕಡ್ಡಿಯನ್ನು ಊರಿದರೆ ಸಾಕು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೆ ಇದೊಂದು ಅಪವಾದ. ದನಕರುಗಳೂ ಬಾಯಿ ಹಾಕುವುದಿಲ್ಲವಾಗಿ ಬೇಲಿಗೆ ಒಳ್ಳೆಯದು, ಸೊಪ್ಪು ಹಸಿರು ಗೊಬ್ಬರಕ್ಕೂ ಆದೀತು.

ಊರಿನಲ್ಲಿ ಎರಡು ವಾರ ಮೀರಿ ಕೆಮ್ಮುವವರನ್ನು ಪಾಟೀಲರು ಕಷಾಯದ ಭರವಸೆಯ ಮೇಲೆ ಬಿಡದೆ, ಮೊದಲು ಸರಕಾರಿ ಆಸ್ಪತ್ರೆಗೆ ಕಳುಹಿಸಿ ಕಫದ ಪರೀಕ್ಷೆ ಮಾಡಿಸಲಿ. ಕ್ಷಯವಾದರೆ ಪರೀಕ್ಷೆಯೂ ಔಷಧವೂ ಅಲ್ಲಿ ಪುಕ್ಕಟೆಯಾಗಿ ದೊರೆಯುವುವು. ವಖಾರದ ಹೆಣ್ಣಾಳು ಆಸ್ಪತ್ರೆಗೆ ಹೋದ ದಿನದ ಕೂಲಿಯನ್ನು ಧನಿಯು ಕಡಿಯದಿದ್ದರೆ ಅವಳು ಹೋದಾಳು.