ಕೀಳುವುದು ಧರ್ಮಕ್ಕೆ, ಕಟ್ಟುವುದು ಕಾಸಿಗೆ

ಮುಂಬಯಿಯ ನಮ್ಮ ಕನ್ನಡ ಸಂಘಗಳ ವಾರ್ಷಿಕ ಕಾರ್ಯಕ್ರಮಗಳಲ್ಲಿ ಉಚಿತ ದಂತ ತಪಾಸಣೆ ಶಿಬಿರಕ್ಕೆ ಖಾಯಂ ಸ್ಥಾನವಿದೆ. ಬ್ಯಾನರು ಕಟ್ಟುತ್ತೇವೆ, ಅತಿಥಿಗಳಿಗೆ ಹಾರ ಹಾಕುತ್ತೇವೆ, ಎಷ್ಟು ಜನ ಬಂದರು, ಎಷ್ಟು ಹಲ್ಲು ಕಿತ್ತರು ಎಂದು ವರದಿ ಬರೆಯುತ್ತೇವೆ. ಕಿತ್ತ ಜಾಗದಲ್ಲಿ ಮುಂದೇನಾಯಿತು ಎಂಬುದು ಮಾತ್ರ ಯಾವ ವರದಿಯಲ್ಲಿಯೂ ಬರುವುದಿಲ್ಲ.

ನಮ್ಮ ಪರಿಚಯದ ವೃದ್ಧೆಯೊಬ್ಬರ ಕತೆ ಇದು. ಮಗನಿಗೆ ಕ್ಯಾಂಟೀನಿನಲ್ಲಿ ದುಡಿಮೆ. ಕೆಳದವಡೆಯ ನಾಲ್ಕು ಹಲ್ಲುಗಳನ್ನು ಉಚಿತವಾಗಿ ಕೀಳಿಸಿಕೊಂಡವರು ಎರಡು ವರ್ಷ ಚಪಾತಿಯನ್ನು ಚಹಾದಲ್ಲಿ ನೆನೆಸಿ ತಿಂದರು. ಕೊನೆಗೆ ಮಗ ಸಾಲ ಮಾಡಿ ಖಾಸಗಿ ಕ್ಲಿನಿಕ್ಕಿನಲ್ಲಿ ತಂತಿ ಕಾಣದ, ಬಾಗುವಂಥ ಸೆಟ್ಟು ಮಾಡಿಸಿದ. ವರ್ಷ ತುಂಬುವುದರೊಳಗೆ ಪಕ್ಕದ ಹಲ್ಲೊಂದು ಹೋಯಿತು. ಈ ಸೆಟ್ಟಿಗೆ ಹಲ್ಲು ಸೇರಿಸಲು ಬರುವುದಿಲ್ಲ, ಹೊಸದನ್ನೇ ಮಾಡಿಸಬೇಕು ಎಂಬ ಉತ್ತರ ಬಂತು. ಹಣ ಎಣಿಸಿಕೊಳ್ಳುವಾಗ ಈ ಮಾತನ್ನು ಯಾರೂ ಹೇಳಿರಲಿಲ್ಲ.

ಸರ್ಕಾರಿಯೆಂದರೆ ಕಳಪೆ, ಖಾಸಗಿಯೆಂದರೆ ಉತ್ತಮ ಎಂಬ ನಂಬಿಕೆ ನಮ್ಮವರಲ್ಲಿ ಬೇರೂರಿದೆ. ಹಲ್ಲಿನ ಸೆಟ್ಟಿನ ಮಟ್ಟಿಗೆ ಈ ನಂಬಿಕೆ ಅರ್ಧ ಸುಳ್ಳು. ಕೆಲವು ಹಲ್ಲು ಉಳಿದಿರುವ ಬಾಯಿಗೆ ಮಾಡುವ, ತೆಗೆದು ಹಾಕುವ ಸೆಟ್ಟಿನಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಅಕ್ರಿಲಿಕ್ಕಿನದು, ತಂತಿಯ ಕೊಕ್ಕೆಯದು. ಸರ್ಕಾರಿ ದಂತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದು. ದಪ್ಪ, ಬಾಯಿಗೆ ಸ್ವಲ್ಪ ಭಾರ. ಆದರೆ ಮುರಿದರೆ ಬೆಸೆಯಬಹುದು, ಇನ್ನೊಂದು ಹಲ್ಲು ಬಿದ್ದರೆ ಸೇರಿಸಬಹುದು. ಎರಡನೆಯದು ನೈಲಾನಿನಂಥ ಬಾಗುವ ವಸ್ತುವಿನದು. ನೋಡಲು ಚೆಂದ, ರಿಪೇರಿ ಕಷ್ಟ, ಅಗಿಯುವ ಭಾರವೆಲ್ಲ ವಸಡಿನ ಮೇಲೆ. ಮೂರನೆಯದು ಕೋಬಾಲ್ಟ್–ಕ್ರೋಮಿಯಂ ಲೋಹದ ಎರಕದ್ದು. ತೆಳು, ಗಟ್ಟಿ, ಉಳಿದ ಹಲ್ಲುಗಳ ಮೇಲೂ ಭಾರ ಹಂಚುವಂಥದು. ಚೆನ್ನಾಗಿ ಮಾಡಿದರೆ ಇದೇ ಮೇಲು, ಇದನ್ನು ಒಪ್ಪಲೇಬೇಕು. ಆದರೆ ಸಾಲ ಮಾಡಿ ಖಾಸಗಿಗೆ ಹೋಗುವ ನಮ್ಮವರು ಕೊಳ್ಳುವುದು ಹೆಚ್ಚಾಗಿ ಈ ಮೂರನೆಯದನ್ನಲ್ಲ, ಎರಡನೆಯದನ್ನು. ಕೊಟ್ಟ ಹೆಚ್ಚಿನ ಹಣ ಅಂದಕ್ಕೆ ಹೋಗುತ್ತದೆ, ಅಗಿಯುವುದಕ್ಕಲ್ಲ.

ಹಾಗಾದರೆ ಎಲ್ಲರೂ ಸರ್ಕಾರಿ ಕಾಲೇಜಿಗೆ ಹೋಗಲಿ ಎನ್ನೋಣವೇ? ಬೋರಿಬಂದರಿನ ಬಳಿ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜಿದೆ, ಮುಂಬಯಿ ಸೆಂಟ್ರಲ್‌ನಲ್ಲಿ ಮಹಾನಗರಪಾಲಿಕೆಯ ನಾಯರ್ ದಂತ ಕಾಲೇಜಿದೆ. ಕೆಲಸ ಮಾಡುವವರು ವಿದ್ಯಾರ್ಥಿಗಳಾದರೂ ಮೇಲೆ ಅಧ್ಯಾಪಕರ ಕಣ್ಣಿರುತ್ತದೆ. ಶುಲ್ಕವೂ ಹಗುರ. ಆದರೆ ಅಚ್ಚು ತೆಗೆಯಲು ಒಂದು ದಿನ, ಕಚ್ಚುವ ಅಳತೆಗೆ ಒಂದು ದಿನ, ಮೇಣದಲ್ಲಿ ಹಲ್ಲು ಜೋಡಿಸಿ ನೋಡಲು ಒಂದು ದಿನ, ಕೂರಿಸಲು ಒಂದು ದಿನ, ಒತ್ತಿದ ಕಡೆ ಉಜ್ಜಿಸಲು ಮತ್ತೊಂದು ದಿನ. ಇದೆಲ್ಲ ನಡೆಯುವುದು ಕೆಲಸದ ಹೊತ್ತಿನಲ್ಲಿ. ದಿನಗೂಲಿಯವನಿಗೆ ಐದು ಭೇಟಿಯೆಂದರೆ ಐದು ದಿನದ ಸಂಬಳ. ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಮುದುಕಿ ತಾಯಿಯನ್ನು ಲೋಕಲ್ ಗಾಡಿಯಲ್ಲಿ ಕರೆತರುವ ಪಾಡು ಬೇರೆ. ಖಾಸಗಿಯವನು ಮಾರುವುದು ಹಲ್ಲನ್ನಷ್ಟೇ ಅಲ್ಲ, ಸಂಜೆಯ ಹೊತ್ತನ್ನೂ ಮಾರುತ್ತಾನೆ. ಆ ಹೊತ್ತನ್ನು ಸರ್ಕಾರ ಕೊಡದಿರುವುದರಿಂದಲೇ ಅವನ ಅಂಗಡಿ ನಡೆಯುತ್ತದೆ.

ಯೋಜನೆಗಳಿಗೇನೂ ಬರವಿಲ್ಲ. ಕೇಂದ್ರ ಸರ್ಕಾರ 2017ರ ಏಪ್ರಿಲ್ 1ರಂದು ಆರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಊರುಗೋಲು, ಕನ್ನಡಕ, ಶ್ರವಣಯಂತ್ರಗಳ ಜೊತೆಗೆ ಕೃತಕ ಹಲ್ಲುಗಳನ್ನೂ ಸೇರಿಸಿದರು. ಸಂತೋಷ. ಆದರೆ ಊರುಗೋಲನ್ನು ಶಿಬಿರದಲ್ಲಿ ಸಾಲು ನಿಲ್ಲಿಸಿ ಹಂಚಬಹುದು, ಹಲ್ಲನ್ನು ಹಂಚಲಾದೀತೇ? ಒಬ್ಬರ ಬಾಯಿಯ ಅಳತೆ ಇನ್ನೊಬ್ಬರಿಗಿಲ್ಲ. ಕೆಲವು ಹಲ್ಲು ಉಳಿದವರ ಬಾಯಿಯಂತೂ ಇನ್ನೂ ಸೂಕ್ಷ್ಮ. ಆಸರೆಯಾಗುವ ಹಲ್ಲುಗಳನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ಕರ್ನಾಟಕ ಸರ್ಕಾರವೂ ಕಳೆದ ದಶಕದಲ್ಲಿ ಬಿ.ಪಿ.ಎಲ್. ಕುಟುಂಬದ ಹಿರಿಯರಿಗಾಗಿ ದಂತಭಾಗ್ಯ ಯೋಜನೆ ತಂದಿತು. ಅದಕ್ಕೆ ಬೇಕಾದುದು ಅಲ್ಲಿಯ ಕಾರ್ಡು. ಮೂವತ್ತು ವರ್ಷ ಇಲ್ಲಿ ಇಡ್ಲಿ ಬೇಯಿಸಿದವನಿಗೆ ಊರಿನ ಕಾರ್ಡು ರದ್ದಾಗಿದೆ, ಇಲ್ಲಿಯದು ಕೈಗೆ ಬಂದಿಲ್ಲ. ಅವನ ಬಾಯಿ ಯಾವ ರಾಜ್ಯಕ್ಕೆ ಸೇರಿದ್ದು?

ಹಲ್ಲೆಂಬುದು ಅಲಂಕಾರ, ಅದಕ್ಕೆ ಸರ್ಕಾರದ ಹಣವೇಕೆ ಎನ್ನುವವರೂ ನಮ್ಮಲ್ಲಿದ್ದಾರೆ. ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದಾಗ ಹಲ್ಲಿನ ಸೆಟ್ಟೂ ಉಚಿತವಾಗಿತ್ತು. 1951ರಲ್ಲಿ ಸೆಟ್ಟು ಮತ್ತು ಕನ್ನಡಕಗಳಿಗೆ ಶುಲ್ಕ ವಿಧಿಸಲು ಹೊರಟಾಗ, ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಅದನ್ನು ವಿರೋಧಿಸಿ ಮಂತ್ರಿಪದವಿಗೇ ರಾಜೀನಾಮೆಯಿತ್ತರು. ನಮ್ಮ ಮಂತ್ರಿಗಳು ರಾಜೀನಾಮೆ ಕೊಡುವುದು ಬೇಡ. ಒಂದು ಬಾಯಿಯಲ್ಲಿ ಹಲ್ಲಿಲ್ಲವೆಂದರೆ ಆ ತಟ್ಟೆಯಲ್ಲಿ ಕಾಳು, ಸೊಪ್ಪು, ಹಣ್ಣು ಇಲ್ಲವೆಂದು ಅರ್ಥ. ಖಾಲಿ ಬಿಟ್ಟ ಜಾಗಕ್ಕೆ ಅಕ್ಕಪಕ್ಕದ ಹಲ್ಲು ವಾಲುತ್ತದೆ, ಎದುರಿನ ಹಲ್ಲು ಇಳಿಯುತ್ತದೆ, ತಡವಾದಷ್ಟೂ ಕಟ್ಟುವ ಕೆಲಸ ಕಷ್ಟವಾಗುತ್ತದೆ. ಇಷ್ಟನ್ನು ಅವರು ತಿಳಿದರೆ ಸಾಕು.

ಆದುದರಿಂದ ಸರ್ಕಾರಿ ದಂತ ಕಾಲೇಜುಗಳಲ್ಲಿ ಹಲ್ಲು ಕಟ್ಟುವ ವಿಭಾಗ ವಾರಕ್ಕೆರಡು ಸಂಜೆಯಾದರೂ, ಭಾನುವಾರವಾದರೂ ತೆರೆದಿರಬೇಕು ಎಂಬುದು ನಮ್ಮ ಮೊದಲ ಬೇಡಿಕೆ. ದುಡಿಯುವ ಊರಿನ ಗುರುತುಪತ್ರವೇ ಚಿಕಿತ್ಸೆಗೆ ಸಾಕಾಗಬೇಕು ಎಂಬುದು ಎರಡನೆಯದು.

ಮೂರನೆಯದು ಸರ್ಕಾರಕ್ಕಲ್ಲ, ನಮಗೆ ನಾವೇ ಹೇಳಿಕೊಳ್ಳಬೇಕಾದುದು. ಕಿತ್ತವರಿಗೆ ಕಟ್ಟಿಸುವ ದಾರಿ ತೋರದ ಶಿಬಿರಕ್ಕೆ ನಮ್ಮ ಸಂಘಗಳ ಹೆಸರು, ಸಭಾಗೃಹ, ವಂತಿಗೆ ಯಾವುದೂ ಸಿಗಕೂಡದು. ಶಿಬಿರದ ದಿನವೇ ಹೆಸರು ಬರೆದುಕೊಂಡು, ಮರಾಠಿ ಬಲ್ಲ ಒಬ್ಬ ಕಾರ್ಯಕರ್ತನನ್ನು ಜೊತೆ ಮಾಡಿ ಕಾಲೇಜಿಗೆ ಕಳಿಸಿ, ಸೆಟ್ಟು ಬಾಯಲ್ಲಿ ಕೂರುವವರೆಗೆ ಬೆನ್ನುಹತ್ತಬೇಕು. ಖಾಸಗಿಗೆ ಹೋಗುವವರು ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಲಿ: ಇದು ಯಾವ ವಸ್ತುವಿನದು? ಮುರಿದರೆ ರಿಪೇರಿಯಾಗುತ್ತದೆಯೇ? ಇನ್ನೊಂದು ಹಲ್ಲು ಹೋದರೆ ಸೇರಿಸಬಹುದೇ? ಉತ್ತರ ಚೀಟಿಯಲ್ಲಿ ಬರೆಸಿಕೊಳ್ಳಲಿ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಹೇಳಿ ನಗುವುದು ಸುಲಭ. ಆ ವೃದ್ಧೆ ಇಂದಿಗೂ ಚಪಾತಿ ನೆನೆಸಿಯೇ ತಿನ್ನುತ್ತಿದ್ದಾರೆ. ಮುಂದಿನ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡಿಸುವಾಗ ಕಿತ್ತ ಹಲ್ಲುಗಳ ಸಂಖ್ಯೆಯ ಪಕ್ಕದಲ್ಲಿ ಕಟ್ಟಿಸಿದ ಹಲ್ಲುಗಳ ಸಂಖ್ಯೆಯೂ ಇರಲಿ. ಅದು ಸೊನ್ನೆಯಾದರೆ ಸೊನ್ನೆಯೆಂದೇ ಓದಿ ಹೇಳೋಣ.